ಇಲಿಯಲ್ಲದ ಸೊಂಡಿಲಿ

ಅಜ್ಜಿಯ ಊರಿನ ಮನೆಯಲ್ಲಿ ರಾತ್ರಿ ಊಟ ಮುಗಿದು ದೀಪ ಆರಿಸಿದ ಮೇಲೆ ಬಚ್ಚಲ ಕಡೆಯಿಂದ ಒಂದು ಸದ್ದು ಬರುತ್ತಿತ್ತು. ಯಾರೋ ಕತ್ತಲಲ್ಲಿ ಕೂತು ಚಿಲ್ಲರೆ ಎಣಿಸಿದ ಹಾಗೆ. "ಸೊಂಡಿಲಿ ಬಂತು ನೋಡು" ಎನ್ನುತ್ತಿದ್ದಳು ಅಜ್ಜಿ. ಬಚ್ಚಲ ತೂತಿನಿಂದ ಹೊರಟ ಅದು ಅಡುಗೆಮನೆಯ ನಡುವೆ ಎಂದೂ ಹಾಯುತ್ತಿರಲಿಲ್ಲ. ಗೋಡೆಯ ಬುಡಕ್ಕೆ ಮೈ ಉಜ್ಜಿಕೊಂಡು, ಮೂಲೆ ಬಂದಲ್ಲಿ ತಿರುಗಿ, ಒಲೆಯ ಹಿಂದೆ ಮಾಯವಾಗುತ್ತಿತ್ತು. ಏಳನೇ ಇಯತ್ತೆಯ ಬೇಸಿಗೆ ರಜೆಯಲ್ಲಿ ನಾನು ಅದರ ದಾರಿ ಕಾದು ಕೂತು, ಮೇಲೆ ತಗಡಿನ ಬಕೆಟ್ ಕವುಚಿ, ಅದರ ಮೇಲೊಂದು ಕಲ್ಲಿಟ್ಟೆ. ಬೆಳಿಗ್ಗೆ ಗೆಳೆಯರನ್ನು ಕರೆದು ತೋರಿಸಬೇಕಿತ್ತು. "ಬಿಡೋ ತಮ್ಮಾ, ಪಾಪ, ಅದಕ್ಕ ಕಣ್ಣ ಕಾಣಂಗಿಲ್ಲ" ಎಂದು ಅಜ್ಜಿ ಎರಡು ಸಲ ಹೇಳಿದಳು. ನಾನು ಬಿಡಲಿಲ್ಲ. ಬೆಳಿಗ್ಗೆ ಬಕೆಟ್ ಎತ್ತಿದರೆ ಸೊಂಡಿಲಿ ಸತ್ತು ಬಿದ್ದಿತ್ತು. ಹೆದರಿ ಸತ್ತಿತೋ, ಸೆಖೆಗೋ, ಹಸಿವಿಗೋ ತಿಳಿಯದು. ಅಜ್ಜಿ ಬೈಯಲಿಲ್ಲ. ಬಕೆಟ್ಟಿಗೆ ಬೂದಿ ಹಾಕಿ ಮೂರು ಸಲ ತಿಕ್ಕಿದಳು. ವಾಸನೆ ಹೋಗಲಿಲ್ಲ.

ಈ ಪ್ರಾಣಿ ಮತ್ತೆ ನನ್ನೆದುರು ಬಂದದ್ದು ಹದಿನೈದು ವರ್ಷಗಳ ನಂತರ, ಅಚ್ಚಾದ ಒಂದು ಹಳೆಯ ಪಟ್ಟಿಯ ನೆಪದಲ್ಲಿ. ನನ್ನ ಪಿಎಚ್.ಡಿ. ಅಧ್ಯಯನ ನಡೆದಿರುವುದು 19ನೇ ಶತಮಾನದ ಮೊದಲರ್ಧದಲ್ಲಿ ಧಾರವಾಡ ಸೀಮೆಯಲ್ಲಿದ್ದ ಕಂಪನಿ ಅಧಿಕಾರಿಗಳು ಮಾಡಿದ ಪಟ್ಟಿಗಳ ಬಗ್ಗೆ. ಶಾಸನಗಳ ಪಟ್ಟಿ, ಬೆಳೆಗಳ ಪಟ್ಟಿ, ನಾಣ್ಯಗಳ ಪಟ್ಟಿ. ಅವುಗಳ ನಡುವೆ ಒಂದು ಪ್ರಾಣಿಗಳ ಪಟ್ಟಿಯೂ ಇತ್ತು. ಅದರ ವಿಚಾರಕ್ಕೆ ಆಮೇಲೆ ಬರುತ್ತೇನೆ. ಅದನ್ನು ಓದುವಾಗ ಬಕೆಟ್ಟು ನೆನಪಾಗಿ, ಅಜ್ಜಿಯ ಆ "ಕಣ್ಣ ಕಾಣಂಗಿಲ್ಲ" ಎಂಬ ಮಾತು ಎಷ್ಟು ಹಳೆಯದಿರಬಹುದು ಎಂದು ಹುಡುಕಲು ಹೊರಟೆ. ನನ್ನ ಪ್ರಬಂಧಕ್ಕೆ ಇದರಿಂದ ಕಾಸಿನ ಪ್ರಯೋಜನವಿರಲಿಲ್ಲ. ಹುಡುಕಾಟ ಎರಡು ಸಾವಿರ ವರ್ಷ ಹಿಂದಕ್ಕೆ, ಈಜಿಪ್ಟಿನವರೆಗೆ ಎಳೆದುಕೊಂಡು ಹೋಯಿತು.

ಮೊದಲು ಪ್ರಾಣಿಯ ಪರಿಚಯ. ಸೊಂಡಿಲಿ ಇಲಿಯಲ್ಲ. ಇಲಿಯ ಮುಂಹಲ್ಲು ಬದುಕಿರುವಷ್ಟು ಕಾಲ ಬೆಳೆಯುತ್ತಲೇ ಇರುತ್ತದೆ. ಅದಕ್ಕೇ ಅದು ಏನನ್ನಾದರೂ ಕಡಿಯುತ್ತಿರಬೇಕು. ಸೊಂಡಿಲಿಯ ಹಲ್ಲು ಹುಳು ಹಿಡಿಯುವ ಹಲ್ಲು, ಚಿಕ್ಕದು, ಚೂಪು, ಬೆಳೆಯುವಂಥದ್ದಲ್ಲ. ಜಿರಳೆ, ಜೇಡ, ಎರೆಹುಳು ಇದರ ಊಟ. ಇಲಿಗೆ ವಾಂತಿ ಮಾಡಲು ಬರುವುದಿಲ್ಲ, ಸೊಂಡಿಲಿಗೆ ಬರುತ್ತದೆ. ಜಪಾನಿನ ವಿಜ್ಞಾನಿಗಳು 1980ರ ದಶಕದಲ್ಲಿ ಇದನ್ನು ತೋರಿಸಿಕೊಟ್ಟ ಮೇಲೆ, ಕ್ಯಾನ್ಸರ್ ಔಷಧದಿಂದ ಬರುವ ವಾಂತಿಯನ್ನು ತಡೆಯುವ ಮದ್ದುಗಳ ಪರೀಕ್ಷೆಗೆ ನಮ್ಮ ಬಚ್ಚಲ ಸೊಂಡಿಲಿಯೇ ಪ್ರಯೋಗಾಲಯ ಸೇರಿತು. ಇದರ ಕುಟುಂಬದಲ್ಲಿ ನಾನೂರಕ್ಕೂ ಹೆಚ್ಚು ಜಾತಿಗಳಿವೆ. ಇಂಗ್ಲಿಷಿನಲ್ಲಿ ಎಲ್ಲಕ್ಕೂ ಶ್ರೂ ಎನ್ನುತ್ತಾರೆ. ನಾನು ಇಲ್ಲಿ ಎಲ್ಲವನ್ನೂ ಸೊಂಡಿಲಿ ಎಂದೇ ಕರೆಯುತ್ತೇನೆ. ನಮ್ಮ ಮನೆಯದ್ದು ಈ ಕುಟುಂಬದಲ್ಲಿ ದೊಡ್ಡ ಗಾತ್ರದ್ದು. ಅತಿ ಚಿಕ್ಕದು ಎರಡು ಗ್ರಾಂ ಕೂಡ ತೂಗದು, ಒಂದು ರೂಪಾಯಿ ನಾಣ್ಯಕ್ಕಿಂತ ಹಗುರ.

ಈ ಪ್ರಾಣಿಗೆ ಮನುಷ್ಯರು ಅಂಟಿಸಿದ ಮಾತುಗಳು ಮುಖ್ಯವಾಗಿ ಮೂರು: ಇದು ಕುರುಡು, ಇದರ ಕೂಗು ಅಪಶಕುನ, ಇದರ ಕಡಿತ ವಿಷ.

ಕುರುಡಿನಿಂದ ಶುರು ಮಾಡೋಣ. ಕ್ರಿ.ಪೂ. ಐದನೇ ಶತಮಾನದ ಹೆರೊಡೊಟಸ್ ಈಜಿಪ್ಟಿನ ಪ್ರಾಣಿಗಳ ಬಗ್ಗೆ ಬರೆಯುತ್ತ, ಅಲ್ಲಿನವರು ಸತ್ತ ಸೊಂಡಿಲಿಗಳನ್ನೂ ಗಿಡುಗಗಳನ್ನೂ ಬೂಟೊ ಎಂಬ ಊರಿಗೆ ಒಯ್ದು ಹೂಳುತ್ತಾರೆ ಎನ್ನುತ್ತಾನೆ. ಗಿಡುಗ ಸರಿ, ಹೋರಸ್ ದೇವರ ಹಕ್ಕಿ. ಅದರ ಜೊತೆಗೆ ಸೊಂಡಿಲಿ ಯಾಕೆ? ಈಗಿನ ಕೈರೊ ಬಳಿಯ ಲೆಟೊಪೊಲಿಸ್‌ನಲ್ಲಿ ಹೋರಸ್‌ನ ಒಂದು ವಿಶಿಷ್ಟ ರೂಪಕ್ಕೆ ಪೂಜೆ ಇತ್ತು. ಸೂರ್ಯ ಚಂದ್ರರು ಆ ದೇವರ ಎರಡು ಕಣ್ಣು. ಇಬ್ಬರೂ ಇಲ್ಲದ ರಾತ್ರಿಯಲ್ಲಿ ದೇವರು ಕುರುಡ. ಕಣ್ಣುಳ್ಳ ರೂಪಕ್ಕೆ ಮುಂಗುಸಿ, ಕಣ್ಣಿಲ್ಲದ ರೂಪಕ್ಕೆ ಸೊಂಡಿಲಿ. ಅದಕ್ಕಾಗಿಯೇ ಸೊಂಡಿಲಿಗಳ ಮಮ್ಮಿ ಮಾಡಿ, ನಾರುಬಟ್ಟೆಯಲ್ಲಿ ಸುತ್ತಿ, ಕಂಚಿನ ಪುಟ್ಟ ಪೆಟ್ಟಿಗೆಗಳಲ್ಲಿ ಇಟ್ಟರು. ಪೆಟ್ಟಿಗೆಯ ಮುಚ್ಚಳದ ಮೇಲೆ ಮೂತಿ ಚಾಚಿ ನಿಂತ ಕಂಚಿನ ಸೊಂಡಿಲಿ. ಇಂಥವನ್ನು ಯುರೋಪಿನ ವಸ್ತುಸಂಗ್ರಹಾಲಯಗಳಲ್ಲಿ ಈಗಲೂ ನೋಡಬಹುದು. ಅಮಾವಾಸ್ಯೆಯ ದೇವರಿಗೆ ಬಚ್ಚಲ ಪ್ರಾಣಿ ಪ್ರತಿನಿಧಿಯಾಗಿತ್ತು ಎನ್ನುವುದು ನನಗೆ ತುಂಬ ಹಿಡಿಸಿತು. ಕ್ರಿ.ಶ. ಒಂದನೇ ಶತಮಾನದ ಕೊನೆಯ ಹೊತ್ತಿಗೆ ಪ್ಲುಟಾರ್ಕ್ ಇದಕ್ಕೊಂದು ತಾತ್ವಿಕ ಕಾರಣವನ್ನೂ ಕೊಟ್ಟ: ಕತ್ತಲು ಬೆಳಕಿಗಿಂತ ಹಳೆಯದು ಎಂದು ಈಜಿಪ್ಟಿನವರು ನಂಬಿದ್ದರಿಂದ ಕುರುಡು ಪ್ರಾಣಿಗೆ ಗೌರವ ಸಿಕ್ಕಿತಂತೆ.

ಇದಕ್ಕೊಂದು ಬಾಲವಿದೆ. 1827ರಲ್ಲಿ ಫ್ರಾನ್ಸಿನ ಪ್ರಾಣಿವಿಜ್ಞಾನಿ ಇಸಿದೋರ್ ಜಾಫ್ರುವಾ ಸೇಂಟ್-ಇಲೇರ್ ಥೀಬ್ಸ್‌ನ ಗೋರಿಗಳಿಂದ ಬಂದ ಮಮ್ಮಿಗಳನ್ನು ಪರೀಕ್ಷಿಸಿ, ಅದರಲ್ಲಿದ್ದ ಒಂದು ಚಿಕ್ಕ ಸೊಂಡಿಲಿಯನ್ನು ಹೊಸ ಜಾತಿಯೆಂದು ಗುರುತಿಸಿ 'ರೆಲಿಜಿಯೋಸಾ' ಎಂದು ಹೆಸರಿಟ್ಟ. ನೈಲ್ ನದಿಯ ಬಯಲಿನಲ್ಲಿ ಆ ಜಾತಿ ಇಂದಿಗೂ ಬದುಕಿದೆ. ಬದುಕಿರುವ ಪ್ರಾಣಿಯೊಂದು ವಿಜ್ಞಾನಕ್ಕೆ ಮೊದಲು ಪರಿಚಯವಾದದ್ದು ಮಮ್ಮಿಯಾಗಿ!

ಹಾಗಾದರೆ ಸೊಂಡಿಲಿಗೆ ಕಣ್ಣು ಕಾಣುವುದಿಲ್ಲವೆ? ಕಣ್ಣಿದೆ, ಸಾಸಿವೆ ಕಾಳಿನಷ್ಟು, ಆದರೆ ಅದರಿಂದ ಹೆಚ್ಚು ಉಪಯೋಗವಿಲ್ಲ. ಪ್ರಯೋಗಾಲಯವೊಂದರಲ್ಲಿ ಅತಿ ಚಿಕ್ಕ ಜಾತಿಯ ಸೊಂಡಿಲಿಗಳು ಕತ್ತಲಲ್ಲಿ ಮಿಡತೆಯಂಥ ಕೀಟಗಳನ್ನು ಹೇಗೆ ಹಿಡಿಯುತ್ತವೆಂದು ನೋಡಿ 2006ರಲ್ಲಿ ಪ್ರಕಟಿಸಿದರು. ಕಣ್ಣು ಬೇಕಾಗಿರಲಿಲ್ಲ. ಮೀಸೆ ತಾಗಿದ್ದೇ ಸಾಕು, ಕ್ಷಣಮಾತ್ರದಲ್ಲಿ ಬಾಯಿ ಬೀಳುತ್ತಿತ್ತು. ಗೋಡೆಗೆ ಅಂಟಿಕೊಂಡು ಓಡುವುದೂ ಅದಕ್ಕೇ. ಒಂದು ಬದಿಯ ಮೀಸೆ ಸದಾ ಗೋಡೆಯನ್ನು ಓದುತ್ತಿರುತ್ತದೆ. ಕಿಪ್ಲಿಂಗ್ 1894ರ ಜಂಗಲ್ ಬುಕ್‌ನಲ್ಲಿ ಚುಚುಂದ್ರ ಎಂಬ ಪಾತ್ರ ಮಾಡಿದ್ದಾನೆ. ಕೋಣೆಯ ನಡುವಿಗೆ ಹೋಗಲು ಧೈರ್ಯ ಸಾಲದೆ ಗೋಡೆಯ ಬದಿಯಲ್ಲೇ ಅಳುತ್ತ ಓಡಾಡುವ ಪ್ರಾಣಿ ಅದು. ಓಟವನ್ನು ಸರಿಯಾಗಿಯೇ ನೋಡಿದ್ದಾನೆ, ಅದಕ್ಕೆ ಹೇಡಿತನದ ಕಾರಣ ಕೊಟ್ಟದ್ದು ಕಥೆಗಾರನ ಸ್ವಾತಂತ್ರ್ಯ. ಅಜ್ಜಿಯ ಮಾತು ಕಿಪ್ಲಿಂಗ್‌ನದ್ದಕ್ಕಿಂತ ನಿಜಕ್ಕೆ ಹತ್ತಿರವಿತ್ತು.

ಇನ್ನು ಕೂಗು. ರೋಮಿನಲ್ಲಿ ಹೊಸ ಅಧಿಕಾರಿಯ ನೇಮಕಕ್ಕೆ ಶಕುನ ನೋಡುವಾಗ ಸೊಂಡಿಲಿ ಕೂಗಿದರೆ ಶಕುನ ಕೆಟ್ಟಂತೆ. ಕ್ರಿ.ಪೂ. ಮೂರನೇ ಶತಮಾನದಲ್ಲಿ ಫೇಬಿಯಸ್ ಮ್ಯಾಕ್ಸಿಮಸ್ ಸರ್ವಾಧಿಕಾರಿ ಪದವಿಯನ್ನೂ, ಅವನ ಕೈಕೆಳಗಿನ ಫ್ಲಮೀನಿಯಸ್ ಅಶ್ವದಳಪತಿ ಪದವಿಯನ್ನೂ ಇಂಥದ್ದೇ ಒಂದು ಕೂಗಿನಿಂದ ಬಿಡಬೇಕಾಯಿತು ಎಂದು ವ್ಯಾಲೇರಿಯಸ್ ಮ್ಯಾಕ್ಸಿಮಸ್ ದಾಖಲಿಸಿದ್ದಾನೆ. ಅವನು ಬಳಸಿದ ಪದ 'ಸೊರೆಕ್ಸ್'. ಕೆಲವು ಅನುವಾದಕರು ಅದನ್ನು ಇಲಿ ಎನ್ನುತ್ತಾರೆ, ಕೆಲವರು ಸೊಂಡಿಲಿ. ಇಂದು ಇಡೀ ಸೊಂಡಿಲಿ ಕುಟುಂಬದ ವೈಜ್ಞಾನಿಕ ಹೆಸರು ಬಂದಿರುವುದು ಆ ಪದದಿಂದಲೇ. ರಾಜಕೀಯ ವಿರೋಧಿಗಳಿಗೆ ನೆಪ ಬೇಕಾಗಿತ್ತೇನೋ, ಅದು ಬೇರೆ ಮಾತು. ಅದೇ ಸದ್ದನ್ನು ಚೀನಾದಲ್ಲಿ ದುಡ್ಡು ಎಣಿಸಿದ ಸದ್ದೆಂದು ಕೇಳಿ, ಮನೆಯ ಸೊಂಡಿಲಿಯನ್ನು ಹಣದ ಇಲಿ ಎಂದರು. ಒಂದೇ ಕೂಗು, ಒಂದು ಕಡೆ ಪದವಿ ಕಳೆಯಿತು, ಇನ್ನೊಂದು ಕಡೆ ಸಂಪತ್ತು ತಂದಿತು. 1964ರಲ್ಲಿ ಅಮೆರಿಕದ ಮೂವರು ಸಂಶೋಧಕರು ಕೆಲವು ಸೊಂಡಿಲಿಗಳು ತಮ್ಮ ಕಿರುದನಿಯ ಮರುದನಿ ಕೇಳಿ ಸುತ್ತಲಿನ ಜಾಗವನ್ನು ಅಂದಾಜು ಮಾಡುತ್ತವೆ ಎಂದು ತೋರಿಸಿದರು. ಬಾವಲಿಯಷ್ಟು ನಿಖರವಾಗಿ ಅಲ್ಲ, ತಕ್ಕಮಟ್ಟಿಗೆ. ಕಣ್ಣಿನ ಕೆಲಸದಲ್ಲಿ ಸ್ವಲ್ಪವನ್ನು ಮೀಸೆಯೂ ಸ್ವಲ್ಪವನ್ನು ಕೂಗೂ ಹಂಚಿಕೊಂಡಿವೆ.

ನಮ್ಮ ದೇಶದ ಹಳೆಯ ಬರಹಗಳು ಇದರ ವಾಸನೆಯನ್ನು ಹೆಚ್ಚು ನೆನೆದಿವೆ. ಮನುಸ್ಮೃತಿಯ ಹನ್ನೆರಡನೇ ಅಧ್ಯಾಯದಲ್ಲಿ ಯಾವ ಕಳ್ಳ ಯಾವ ಪ್ರಾಣಿಯಾಗಿ ಹುಟ್ಟುತ್ತಾನೆಂಬ ಉದ್ದದ ಪಟ್ಟಿ ಇದೆ. ಸುಗಂಧ ಕದ್ದವನಿಗೆ ಛುಚ್ಛುಂದರಿಯ ಜನ್ಮ! ಶಿಕ್ಷೆ ಕೊಟ್ಟವರಿಗೆ ಹಾಸ್ಯಪ್ರಜ್ಞೆ ಇತ್ತು. ತುಲಸೀದಾಸರ ಅಯೋಧ್ಯಾಕಾಂಡದಲ್ಲಿ ಮಗನನ್ನು ಕಾಡಿಗೆ ಕಳಿಸಲೂ ಆಗದೆ ತಡೆಯಲೂ ಆಗದೆ ನಿಂತ ಕೌಸಲ್ಯೆಯ ಸ್ಥಿತಿ, ಸೊಂಡಿಲಿಯನ್ನು ಹಿಡಿದು ನುಂಗಲೂ ಆಗದೆ ಉಗುಳಲೂ ಆಗದೆ ಉಳಿದ ಹಾವಿನ ಸ್ಥಿತಿ. ಉತ್ತರ ಭಾರತದಲ್ಲಿ ಇದು ಇವತ್ತಿಗೂ ಬಳಕೆಯ ಮಾತು. ಸುಶ್ರುತಸಂಹಿತೆಯ ಕಲ್ಪಸ್ಥಾನ ಹದಿನೆಂಟು ಬಗೆಯ ವಿಷದ ಇಲಿಗಳನ್ನು ಹೆಸರಿಸುವಾಗ ಅದರಲ್ಲಿ ಛುಚ್ಛುಂದರವನ್ನೂ ಸೇರಿಸಿದೆ. ಅಲ್ಲಿಂದ ಮೂರನೇ ಮಾತಿಗೆ, ವಿಷಕ್ಕೆ ಬಂದೆವು.

ಸೊಂಡಿಲಿ ಕಚ್ಚಿದರೆ ಕುದುರೆಗೂ ದುಡಿಯುವ ದನಗಳಿಗೂ ಅಪಾಯ ಎಂದು ಅರಿಸ್ಟಾಟಲ್ ಬರೆದ. ಇಟಲಿಯ ಸೊಂಡಿಲಿಯ ಕಡಿತ ವಿಷ ಎಂದು ಪ್ಲಿನಿ ಬರೆದ. ಲ್ಯಾಟಿನ್ನಿನಲ್ಲಿ ಇದಕ್ಕಿದ್ದ ಹೆಸರಿನ ಅರ್ಥ 'ಜೇಡ-ಇಲಿ'. ಜೇಡದ ಹಾಗೆ ವಿಷದ್ದು ಎಂದು. ಅವರಿಬ್ಬರೂ ಬರೆದದ್ದನ್ನು ಯುರೋಪು ಮುಂದಿನ ಸಾವಿರದೈನೂರು ವರ್ಷ ನಕಲು ಮಾಡಿತು. ನಕಲು ಮಾಡುತ್ತ ಮಾಡುತ್ತ ಮಾತು ಬೆಳೆಯಿತು. ಕಚ್ಚುವುದೇನು, ಮಲಗಿದ ಹಸುವಿನ ಮೈಮೇಲೆ ಸೊಂಡಿಲಿ ಹಾದು ಹೋದರೂ ಸಾಕು, ಆ ಅಂಗ ಸ್ವಾಧೀನ ತಪ್ಪುತ್ತದೆ ಎಂಬಲ್ಲಿಗೆ ಬಂತು.

ಇದಕ್ಕೆ ಇಂಗ್ಲೆಂಡಿನ ಹಳ್ಳಿಗಳಲ್ಲಿದ್ದ ಮದ್ದನ್ನು ಗಿಲ್ಬರ್ಟ್ ವೈಟ್ ತನ್ನ ಸೆಲ್ಬೋರ್ನ್ ಊರಿನ ಪತ್ರಗಳಲ್ಲಿ ವಿವರಿಸುತ್ತಾನೆ. 1776ರ ಜನವರಿಯ ಪತ್ರ ಅದು, 1789ರಲ್ಲಿ ಪುಸ್ತಕವಾಯಿತು. ಚರ್ಚಿನ ಹತ್ತಿರ ಒಂದು ಪೊಳ್ಳು ಆಶ್ ಮರವಿತ್ತು. ಹಿಂದೆ ಅದರ ಕಾಂಡದಲ್ಲಿ ಬೈರಿಗೆಯಿಂದ ಆಳವಾದ ತೂತು ಕೊರೆದು, ಒಂದು ಸೊಂಡಿಲಿಯನ್ನು ಜೀವಂತ ಒಳಗೆ ತುರುಕಿ, ಬೆಣೆ ಬಡಿದು ಮುಚ್ಚಿದ್ದರು. ಆ ಮೇಲೆ ಆ ಮರದ ಕೊಂಬೆಯಿಂದ ದನದ ಮೈ ಸವರಿದರೆ ಸೊಂಡಿಲಿ ಹಾದ ನೋವು ಹೋಗುತ್ತಿತ್ತಂತೆ. ಒಮ್ಮೆ ಮಾಡಿಟ್ಟ ಮರ ಎಷ್ಟೋ ಕಾಲ ಊರಿಗೆಲ್ಲ ಬರುತ್ತಿತ್ತು. ವೈಟ್‌ನ ಕಾಲಕ್ಕೆ ಆ ಮರ ಇರಲಿಲ್ಲ. ಹಿಂದಿನ ಪಾದ್ರಿಯೊಬ್ಬ, ಊರವರು ಬೇಡವೆಂದರೂ ಕೇಳದೆ, ಅದನ್ನು ಕಿತ್ತು ಸುಟ್ಟಿದ್ದ. ಓದುವಾಗ ನನಗೆ ತಗಡಿನ ಬಕೆಟ್ಟು ನೆನಪಾಯಿತು. ನನ್ನ ಬಳಿ ಮದ್ದಿನ ನೆಪ ಕೂಡ ಇರಲಿಲ್ಲ.

ವೈಟ್ ಅಪರೂಪದ ನೋಟಗಾರ. ಹಾರ್ವೆಸ್ಟ್ ಮೌಸ್ ಎಂಬ ಪುಟ್ಟ ಹೊಲದಿಲಿಯನ್ನು ಬೇರೆ ಜಾತಿಯೆಂದು ಬ್ರಿಟನ್ನಿನಲ್ಲಿ ಮೊದಲು ಗುರುತಿಸಿದವನು ಅವನೇ. ಎರಡು ಇಲಿಗಳನ್ನು ತಕ್ಕಡಿಗೆ ಹಾಕಿ, ಎರಡೂ ಸೇರಿ ಒಂದು ತಾಮ್ರದ ಅರ್ಧಪೆನ್ನಿಯಷ್ಟು ತೂಗಿದ್ದನ್ನು ಕಂಡು, ಈ ದ್ವೀಪದ ಅತಿ ಚಿಕ್ಕ ನಾಲ್ಕು ಕಾಲಿನ ಪ್ರಾಣಿ ಇದೇ ಇರಬೇಕು ಎಂದುಕೊಂಡ. ಇರಲಿಲ್ಲ. ಅದಕ್ಕಿಂತ ಹಗುರಾದ ಪಿಗ್ಮಿ ಸೊಂಡಿಲಿ ಅವನ ಊರಿನ ಬೇಲಿಗಳಲ್ಲೂ ಇದ್ದಿರಬೇಕು. ಅಷ್ಟು ಹತ್ತಿರದಿಂದ ನೋಡುತ್ತಿದ್ದವನ ಕಣ್ಣಿನಿಂದಲೂ ಈ ಪ್ರಾಣಿ ತಪ್ಪಿಸಿಕೊಂಡಿತು.

ವಿಷದ ಕಥೆ ಅಲ್ಲಿಗೆ ಮುಗಿಯಬೇಕಿತ್ತು. 19ನೇ ಶತಮಾನದ ವಿದ್ವಾಂಸರು ಅದನ್ನು ಮೂಢನಂಬಿಕೆಗಳ ಬುಟ್ಟಿಗೆ ಹಾಕಿದರು. ಆದರೆ 1889ರಲ್ಲಿ ಅಮೆರಿಕದ ಸಿ. ಜೆ. ಮೇನಾರ್ಡ್ ಎಂಬ ನಿಸರ್ಗಶಾಸ್ತ್ರಜ್ಞ ಅಲ್ಲಿನ ಮೊಂಡುಬಾಲದ ಸೊಂಡಿಲಿಯಿಂದ ಕಚ್ಚಿಸಿಕೊಂಡು, ಉರಿ, ಬಾವು, ತೋಳಿನವರೆಗೆ ಹರಿದ ನೋವು, ಎಲ್ಲವನ್ನೂ ಬರೆದಿಟ್ಟ. 1942ರಲ್ಲಿ ಆಲಿವರ್ ಪಿಯರ್‌ಸನ್ ಅದೇ ಜಾತಿಯ ಜೊಲ್ಲುಗ್ರಂಥಿಯ ಸಾರ ತೆಗೆದು ಇಲಿಗಳಿಗೆ ಚುಚ್ಚಿ ನೋಡಿ ವಿಷ ಇರುವುದನ್ನು ಸಾಬೀತುಪಡಿಸಿದ. 2004ರಲ್ಲಿ ಆ ವಿಷದ ಪ್ರೋಟೀನನ್ನೇ ಬೇರ್ಪಡಿಸಿದರು. ಯುರೋಪಿನ ನೀರು ಸೊಂಡಿಲಿಯ ಜೊಲ್ಲಿನಲ್ಲೂ ವಿಷವಿದೆ. ಹುಳುಗಳನ್ನು ಕೊಲ್ಲದೆ ಜಡಗೊಳಿಸಿ, ಹಸಿವಾದಾಗ ತಿನ್ನಲು ಕೂಡಿಡುವುದಕ್ಕೆ ಆ ಮೊಂಡುಬಾಲದ ಸೊಂಡಿಲಿಗೆ ಅದು ಬೇಕು.

ನಮ್ಮಲ್ಲಿ ಇಂಥ ಸುದ್ದಿ ಬಂದ ತಕ್ಷಣ "ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು" ಎನ್ನುವವರ ಗುಂಪೊಂದು ಏಳುತ್ತದೆ. ಅರಿಸ್ಟಾಟಲ್‌ಗೆ ಗೊತ್ತಿರಲಿಲ್ಲ. ಕೆಲವು ಜಾತಿಗಳಿಗೆ ಮಾತ್ರ ವಿಷವಿದೆ, ಅದರಿಂದ ಕುದುರೆ ಸಾಯುವುದಿಲ್ಲ, ಹಸುವಿನ ಬೆನ್ನ ಮೇಲೆ ಓಡಿದರೆ ಏನೂ ಆಗುವುದಿಲ್ಲ. ಆದರೆ ಎಲ್ಲವನ್ನೂ ಮೌಢ್ಯವೆಂದು ಬುಟ್ಟಿಗೆ ಹಾಕಿದವರೂ ನೋಡಿ ಹಾಕಿದವರಲ್ಲ. ಯಾರೋ ದನಗಾಹಿ ಎಂದೋ ನೀರು ಸೊಂಡಿಲಿಯಿಂದ ಕಚ್ಚಿಸಿಕೊಂಡು ಕೈ ಊದಿಸಿಕೊಂಡಿರಬೇಕು. ಪುಸ್ತಕ ಬರೆದವರಿಗೆ ಆ ಮಾತು ಎಷ್ಟೋ ಬಾಯಿ ದಾಟಿ ಬಂತು.

ಈಗ ಆ ಪ್ರಾಣಿಗಳ ಪಟ್ಟಿಗೆ ಬರಬಹುದು. ವಾಲ್ಟರ್ ಎಲಿಯಟ್ ಹೆಸರು ಕನ್ನಡ ಇತಿಹಾಸದ ವಿದ್ಯಾರ್ಥಿಗಳಿಗೆ ಶಾಸನಗಳಿಂದ ಪರಿಚಿತ. ಧಾರವಾಡ ಸೀಮೆಯಲ್ಲಿದ್ದಾಗ ಅವನು ಮಾಡಿಸಿದ 595 ಶಾಸನಗಳ ನಕಲುಗಳಿಲ್ಲದೆ ಚಾಲುಕ್ಯರ ಚರಿತ್ರೆಯ ಆರಂಭಿಕ ಅಧ್ಯಯನ ನಡೆಯುತ್ತಿರಲಿಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಥ್ಯಾಕರೆ ಸತ್ತಾಗ ಸೆರೆ ಸಿಕ್ಕ ಇಬ್ಬರು ತರುಣ ಅಧಿಕಾರಿಗಳಲ್ಲಿ ಒಬ್ಬ ಇದೇ ಎಲಿಯಟ್, ಆಗ ಇಪ್ಪತ್ತೊಂದು ವರ್ಷ. ಡಿಸೆಂಬರಿನವರೆಗೆ ಕಿತ್ತೂರಿನವರ ವಶದಲ್ಲಿದ್ದ. 1839ರಲ್ಲಿ ಮದರಾಸಿನ ಸಾಹಿತ್ಯ ಮತ್ತು ವಿಜ್ಞಾನ ಪತ್ರಿಕೆಯಲ್ಲಿ ಅವನು 'ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿ' ಪ್ರಕಟಿಸಿದ. ದಕ್ಷಿಣ ಮರಾಠಾ ಸೀಮೆ ಎಂದರೆ ನಮ್ಮ ಧಾರವಾಡ, ಬೆಳಗಾವಿ ಕಡೆಯ ನೆಲ.

ಆ ಪಟ್ಟಿಯ ವಿಶೇಷ ಅದರಲ್ಲಿನ ದೇಸೀ ಹೆಸರುಗಳು. 1826ರಲ್ಲಿ ಈ ಭಾಗದಲ್ಲಿ ಹೊಲದಿಲಿಗಳು ಬಿತ್ತಿದ ಕಾಳನ್ನೂ ಬಿಡದಷ್ಟು ಹೆಚ್ಚಿದಾಗ, ರೈತರು ಕೆರೆ ತೋಡುವ ವಡ್ಡರನ್ನು ಕರೆಸಿ, ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಧಾನ್ಯ ಎಂದು ಕೊಟ್ಟು, ಸಾವಿರಗಟ್ಟಲೆ ಇಲಿ ಕೊಲ್ಲಿಸಿದ್ದನ್ನು ಎಲಿಯಟ್ ಬರೆದಿದ್ದಾನೆ. ಹಾಗೆ ಬಿಲ ಅಗೆಯುವವರಿಗೆ ಯಾವ ಇಲಿ ಯಾವ ಮಣ್ಣಿನಲ್ಲಿ, ಯಾವ ಬಿಲಕ್ಕೆ ಎಷ್ಟು ಬಾಯಿ ಎಂಬುದೆಲ್ಲ ಗೊತ್ತಿತ್ತು. ಮೆಟ್ಟಾಡೆ ಎಂಬ ಅವರ ಪದ ಲಂಡನ್ನಿಗೆ ಹೋಗಿ ಅಕ್ಷರ ತಪ್ಪಿ 'ಮೆಲ್ಟಾಡಾ' ಆಯಿತು. ಕನ್ನಡದ ಗುಲಾಂಡಿ 'ಗೊಲುಂಡಾ' ಎಂಬ ಕುಲನಾಮವಾಯಿತು. ಎರಡೂ ಇವತ್ತಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿರುವ ವೈಜ್ಞಾನಿಕ ಹೆಸರುಗಳು. ಎಲಿಯಟ್‌ನ ಹೆಸರೂ ಒಂದು ಪ್ರಾಣಿಗೆ ಸಿಕ್ಕಿತು. 1850ರಲ್ಲಿ ದಕ್ಷಿಣ ಭಾರತದ 'ಮರ ಸೊಂಡಿಲಿ'ಗೆ ಅವನ ಹೆಸರಿಟ್ಟರು. ಅದು ನಿಜವಾಗಿ ಸೊಂಡಿಲಿಯೇ ಅಲ್ಲ ಎನ್ನುವುದು ಬೇರೆ ತಮಾಷೆ. ಬಿಲ ಅಗೆದು, ಪ್ರಾಣಿ ಹಿಡಿದುಕೊಟ್ಟು, ಅದರ ಹೆಸರು ಹೇಳಿಕೊಟ್ಟವರಲ್ಲಿ ಒಬ್ಬರ ಹೆಸರಿನಲ್ಲೂ ಪ್ರಾಣಿಯಿಲ್ಲ. ನನ್ನ ಪ್ರಬಂಧದಲ್ಲಿ ಈ ಜಾಗಕ್ಕೆ ಬಂದಾಗಲೆಲ್ಲ ಬರವಣಿಗೆ ನಿಲ್ಲುತ್ತದೆ. ಅವರನ್ನು ಬಹುವಚನದಲ್ಲಿ ಬಿಟ್ಟು ಬೇರೆ ಹೇಗೂ ಕರೆಯಲಾಗುವುದಿಲ್ಲ.

1867ರಲ್ಲಿ ರೂರ್ಕಿಯಲ್ಲಿ ಅಚ್ಚಾದ ಜೆರ್ಡನ್‌ನ ಭಾರತದ ಸಸ್ತನಿಗಳ ಪುಸ್ತಕದಲ್ಲಿ ನಮ್ಮ ಬಚ್ಚಲ ಪ್ರಾಣಿಗೆ ಕನ್ನಡ ಹೆಸರೂ ಇದೆ, ಇಂಗ್ಲಿಷ್ ಅಕ್ಷರದಲ್ಲಿ 'ಸೊಂಡೆಲಿ' ಎಂದು. ಬೇರೆಯವರು ಕುರುಡು, ವಿಷ, ಜೇಡ ಎನ್ನುತ್ತಿದ್ದಾಗ ಕನ್ನಡ ಅದರ ಮೂತಿಯನ್ನು ನೋಡಿ ಹೆಸರಿಟ್ಟಿತು. 'ಇಲಿ' ಎಂದದ್ದು ತಪ್ಪೇ, ಆದರೆ ಆ ತಪ್ಪನ್ನು ಲಿನೇಯಸ್ ಕೂಡ ಮಾಡಿದ; 1766ರಲ್ಲಿ ಅವನು ಇದಕ್ಕೆ ಕೊಟ್ಟ ಹೆಸರಿನ ಅರ್ಥ 'ಇಲಿಯಂಥದ್ದು'. ಜೆರ್ಡನ್ ಇನ್ನೊಂದು ವದಂತಿಯನ್ನೂ ವಿಚಾರಿಸಿದ್ದಾನೆ. ಸೊಂಡಿಲಿ ಬಾಟಲಿಯ ಮೇಲೆ ಓಡಿದರೆ ಒಳಗಿನ ಬಿಯರಿಗೆ, ವೈನಿಗೆ ವಾಸನೆ ಹಿಡಿಯುತ್ತದೆ ಎಂದು ಸಾಹೇಬರ ಮನೆಗಳಲ್ಲಿ ದೂರಿತ್ತು. ಯುರೋಪಿನಲ್ಲೇ ತುಂಬಿ ಬಂದ ಬಾಟಲಿಗಳಿಗೆ ಇಲ್ಲದ ವಾಸನೆ ಇಲ್ಲಿ ತುಂಬಿದವಕ್ಕೆ ಮಾತ್ರ ಏಕೆ? ತುಂಬುವ ಮೊದಲೇ ಬಾಟಲಿಯೋ ಬಿರಡೆಯೋ ವಾಸನೆ ಹಿಡಿದಿರಬೇಕು ಎಂಬುದು ತೀರ್ಮಾನ. ಹಸುವಿನ ಬೆನ್ನ ಮೇಲೆ ಓಡಿದ ಆರೋಪವೇ ಬಾಟಲಿಯ ಮೇಲೆ ಓಡುವ ಆರೋಪವಾಗಿ ಇಂಡಿಯಾಕ್ಕೆ ಬಂದಿತ್ತು ಎಂದು ನನ್ನ ಗುಮಾನಿ.

ಇಷ್ಟೆಲ್ಲ ಮಾತು ಕಟ್ಟಿದ ಜನ ಒಂದನ್ನು ಗಮನಿಸಿರಲಿಲ್ಲ: ಅದರ ಹಸಿವು. ಹಂಡೆಯ ನೀರು ಬೆಳಗಿನ ತನಕ ಬೆಚ್ಚಗಿರುತ್ತದೆ, ಲೋಟದ ಚಹಾ ಮಾತು ಮುಗಿಯುವುದರೊಳಗೆ ಆರುತ್ತದೆ. ಬಿಸಿರಕ್ತದ ಪ್ರಾಣಿ ಚಿಕ್ಕದಾದಷ್ಟೂ ಶಾಖ ಬೇಗ ಸೋರುತ್ತದೆ, ಸೋರಿದ್ದನ್ನು ತಿಂದೇ ತುಂಬಬೇಕು. 1822ರಲ್ಲಿ ಇಟಲಿಯ ಪೀಸಾದಲ್ಲಿ ಪಾವೊಲೊ ಸಾವಿ ಎಂಬ ಇಪ್ಪತ್ನಾಲ್ಕರ ಯುವಕ ಒಂದು ಪುಟ್ಟ ಸೊಂಡಿಲಿಯನ್ನು ವಿವರಿಸಿ, ತನ್ನ ನೆಲದ ಪ್ರಾಚೀನ ಜನರ ನೆನಪಿಗೆ 'ಎಟ್ರಸ್ಕಸ್' ಎಂದು ಹೆಸರಿಟ್ಟ. ನಾನು ಆ ವಯಸ್ಸಿನಲ್ಲಿ ಫೆಲೋಶಿಪ್ ಅರ್ಜಿ ತುಂಬುತ್ತಿದ್ದೆ. ತೂಕದಲ್ಲಿ ಇದೇ ಇಂದಿಗೂ ತಿಳಿದಿರುವ ಅತಿ ಚಿಕ್ಕ ಸಸ್ತನಿ, ಸುಮಾರು 1.8 ಗ್ರಾಂ. ಬೋನು ಇಟ್ಟರೆ ಬಾಗಿಲು ಬೀಳಿಸುವಷ್ಟೂ ಭಾರವಿಲ್ಲ, ಹಾಗಾಗಿ ಎಷ್ಟೋ ಕಡೆ ಇದು ಇದೆಯೆಂದು ಗೊತ್ತಾಗಿರುವುದು ಗೂಬೆ ಕಕ್ಕಿದ ಉಂಡೆಗಳಲ್ಲಿನ ಮೂಳೆಗಳಿಂದ. ಮೆಡಿಟರೇನಿಯನ್‌ನಿಂದ ನಮ್ಮ ದಕ್ಷಿಣ ಭಾರತದವರೆಗೂ ಇದು ಇದೆ. ನೀಲಗಿರಿಯಲ್ಲಿ ಸಸ್ಯಶಾಸ್ತ್ರಜ್ಞ ಪೆರೊಟೆ ಸಂಗ್ರಹಿಸಿದ ಮಾದರಿಗೆ 1842ರಲ್ಲಿ ಬೇರೆಯೇ ಹೆಸರು ಕೊಟ್ಟಿದ್ದರು. ಇದರ ಹೃದಯ ನಿಮಿಷಕ್ಕೆ 1,500 ಸಲದವರೆಗೂ ಬಡಿಯುತ್ತದೆ, ಸೆಕೆಂಡಿಗೆ ಇಪ್ಪತ್ತೈದು. ದಿನಕ್ಕೆ ತನ್ನ ತೂಕಕ್ಕಿಂತ ಹೆಚ್ಚು ತಿನ್ನಬೇಕು. ಕೆಲವು ಗಂಟೆ ಊಟ ತಪ್ಪಿದರೆ ಸಾವು.

ವಿಷ ಪರೀಕ್ಷಿಸಿದ ಅದೇ ಪಿಯರ್‌ಸನ್ 1948ರಲ್ಲಿ ಇದನ್ನು ಲೆಕ್ಕ ಹಾಕಿ, ಸಸ್ತನಿಯೊಂದು ಸುಮಾರು ಎರಡೂವರೆ ಗ್ರಾಂಗಿಂತ ಚಿಕ್ಕದಾದರೆ ಉಣ್ಣುವುದು ಸಾಲದೆ ಸಾಯಬೇಕಾಗುತ್ತದೆ ಎಂದ. ಲೆಕ್ಕ ಹೆಚ್ಚುಕಡಿಮೆ ಸರಿಯೇ, ಆದರೆ ಎಟ್ರಸ್ಕಸ್ ಆ ಗೆರೆಯನ್ನು ದಾಟಿ ಬದುಕಿದೆ. ಸುಮಾರು ಎರಡೇ ಗ್ರಾಂನ, ದೇಹದ ಉದ್ದದಲ್ಲಿ ಇನ್ನೂ ಚಿಕ್ಕದಾದ ಬಾವಲಿಯೊಂದನ್ನು 1973ರಲ್ಲಿ ಥಾಯ್ಲೆಂಡಿನ ಕಿಟ್ಟಿ ಥೋಂಗ್‌ಲೋಂಗ್ಯ ಪತ್ತೆ ಮಾಡಿದ. ಅದನ್ನು ಪ್ರಕಟಿಸುವ ಮೊದಲೇ ತೀರಿಕೊಂಡ. ಲಂಡನ್ನಿನ ಹಿಲ್ ಅದಕ್ಕೆ ಅವನ ಹೆಸರೇ ಇಟ್ಟ. ಈ ಸಣ್ಣ ಬಾವಲಿ ಹಗಲು ಮೈ ತಣ್ಣಗೆ ಮಾಡಿಕೊಂಡು ಶಕ್ತಿ ಉಳಿಸುತ್ತದೆ. ಉತ್ತರ ಯುರೋಪಿನ ಸೊಂಡಿಲಿಗೆ ಬೇರೆ ಉಪಾಯ. ಪೋಲೆಂಡಿನ ಆಗಸ್ಟ್ ಡೇನೆಲ್ 1949ರಲ್ಲಿ ಸಂಗ್ರಹದ ತಲೆಬುರುಡೆಗಳನ್ನು ಅಳೆಯುವಾಗ ಚಳಿಗಾಲದವು ಬೇಸಿಗೆಯವಕ್ಕಿಂತ ಚಿಕ್ಕದಿರುವುದನ್ನು ಕಂಡ. ಹುಳುಗಳು ಸಿಗದ ಕಾಲಕ್ಕೆ ಅದು ತನ್ನ ತಲೆಬುರುಡೆಯನ್ನೂ ಮಿದುಳನ್ನೂ ಕುಗ್ಗಿಸಿಕೊಂಡು, ವಸಂತದಲ್ಲಿ ಮತ್ತೆ ಬೆಳೆಸಿಕೊಳ್ಳುತ್ತದೆ. 2017ರಲ್ಲಿ ಬದುಕಿರುವ ಸೊಂಡಿಲಿಗಳನ್ನೇ ಹಿಡಿದು ಎಕ್ಸ್‌ರೇ ತೆಗೆದು, ಬಿಟ್ಟು, ಮತ್ತೆ ಹಿಡಿದು ನೋಡಿದಾಗ ಬುರುಡೆ ಸರಾಸರಿ 15 ಪ್ರತಿಶತ ಕುಗ್ಗಿತ್ತು.

ಇಂಥ ಬದುಕಿಗೆ ದೊಡ್ಡ ಆಘಾತ ಬೇಕಿಲ್ಲ. ಜಾವಾದ ದಕ್ಷಿಣಕ್ಕಿರುವ ಕ್ರಿಸ್‌ಮಸ್ ದ್ವೀಪದಲ್ಲಿ ಅಲ್ಲಿಗೇ ವಿಶಿಷ್ಟವಾದ ಒಂದು ಸೊಂಡಿಲಿ ಇತ್ತು. 1897-98ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಚಾರ್ಲ್ಸ್ ಆಂಡ್ರೂಸ್ ಅಲ್ಲಿದ್ದಾಗ ದ್ವೀಪದ ತುಂಬ ಅವೇ. ಬಾವಲಿಯ ಕೂಗಿನಂಥ ಅವುಗಳ ಚೀರು ರಾತ್ರಿ ಎಲ್ಲ ದಿಕ್ಕಿನಿಂದಲೂ ಕೇಳುತ್ತಿತ್ತು ಎಂದು ಅವನು 1900ರ ಗ್ರಂಥದಲ್ಲಿ ಬರೆದ. 1899ರಲ್ಲಿ 'ಹಿಂದೂಸ್ತಾನ್' ಎಂಬ ಹಡಗಿನಿಂದ ಕಪ್ಪು ಇಲಿಗಳು ಇಳಿದಿದ್ದವು, ಜೊತೆಗೆ ಅವುಗಳ ರಕ್ತದಲ್ಲಿ ಒಂದು ರೋಗಾಣು. ದ್ವೀಪದ ಎರಡು ಜಾತಿಯ ಇಲಿಗಳು ನಾಲ್ಕೈದು ವರ್ಷದಲ್ಲೇ ಅಳಿದವು. 1908ರಲ್ಲಿ ಆಂಡ್ರೂಸ್ ಮತ್ತೆ ಬಂದಾಗ ಸೊಂಡಿಲಿಯ ಸದ್ದೂ ಇರಲಿಲ್ಲ.

ಐವತ್ತು ವರ್ಷ ಬಿಟ್ಟು, 1958ರಲ್ಲಿ, ಫಾಸ್ಫೇಟ್ ಗಣಿಗಾಗಿ ಕಾಡು ಕಡಿಯುವಾಗ ಎರಡು ಕಣ್ಣಿಗೆ ಬಿದ್ದವು. ಆಮೇಲೆ 1985ರಲ್ಲಿ ಒಂದು ಹೆಣ್ಣು, ಕೆಲವು ತಿಂಗಳ ನಂತರ ಒಂದು ಗಂಡು. ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕಿದರು. ಗಂಡು ಬಂದಾಗಲೇ ನಿತ್ರಾಣವಾಗಿತ್ತು. ಎರಡನ್ನೂ ಕೂಡಿಸಿ ನೋಡಿದರು, ಪ್ರಯೋಜನವಾಗಲಿಲ್ಲ. ಕೆಲವೇ ವಾರಗಳಲ್ಲಿ ಗಂಡು ಸತ್ತಿತು. ಹೆಣ್ಣು ಮಿಡತೆ ತಿಂದುಕೊಂಡು ಸುಮಾರು ಒಂದು ವರ್ಷ ಒಂಟಿಯಾಗಿ ಬದುಕಿತು. 2025ರ ಅಕ್ಟೋಬರಿನಲ್ಲಿ ಆ ಜಾತಿ ಅಳಿದಿದೆ ಎಂದು ಐಯುಸಿಎನ್ ಘೋಷಿಸಿತು. ಸುದ್ದಿ ಓದಿದ ಸಂಜೆ ಅಮ್ಮನಿಗೆ ಫೋನ್ ಮಾಡಿ, ಊರಿನ ಮನೆಯಲ್ಲಿ ಈಗಲೂ ಸೊಂಡಿಲಿ ಬರುತ್ತದೆಯೇ ಎಂದು ಕೇಳಿದೆ. "ಬಚ್ಚಲಕ್ಕ ಜಾಳಗಿ ಹಾಕಿಸೇವಲ್ಲೋ" ಎಂದಳು.